ಹಾಸಿಗೆ ಸುರುಳಿ ಮತ್ತು ಗೋಡೆಯ ಬಿರುಕು

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳು ಬೆಳ್ಳಿಹಬ್ಬಕ್ಕೆ, ಚಿನ್ನದ ಹಬ್ಬಕ್ಕೆ ಹೊರತಂದ ಸ್ಮರಣ ಸಂಚಿಕೆಗಳ ಒಂದು ಕಟ್ಟು ನನ್ನ ಕಪಾಟಿನಲ್ಲಿದೆ. ಹಡಗು ಹತ್ತಿ ಬಂದವರ ಕತೆ, ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು ರಾತ್ರಿಶಾಲೆಯಲ್ಲಿ ಓದಿದವರ ಕತೆ, ಯಕ್ಷಗಾನದ ಮಂಡಳಿ ಕಟ್ಟಿದವರ ಕತೆ, ಎಲ್ಲವೂ ಅದರಲ್ಲಿ ಸಿಗುತ್ತವೆ. ಹಸಿವಿನ ಬಗ್ಗೆ ಬರೆದಿದ್ದಾರೆ, ಧಣಿಯಿಂದ ತಿಂದ ಪೆಟ್ಟಿನ ಬಗ್ಗೂ ಬರೆದಿದ್ದಾರೆ. ತಿಗಣೆಯ ಬಗ್ಗೆ ಮಾತ್ರ ಆ ಕಟ್ಟಿನಲ್ಲಿ ಒಂದು ಸಾಲೂ ಇಲ್ಲ. ಅದೇ ಹಿರಿಯರನ್ನು ಸಭೆ ಮುಗಿದ ಮೇಲೆ ಚಾ ಕುಡಿಯುವಾಗ ಕೇಳಿ ನೋಡಿ. "ಅಯ್ಯೋ ಮಾರಾಯ್ರೆ, ಆ ತಿಗಣೆಯ ಕಾಟ ಹೇಳಿ ಸುಖ ಇಲ್ಲ" ಅಂತ ಶುರುಮಾಡಿದವರು ಅರ್ಧ ಗಂಟೆ ನಿಲ್ಲಿಸುವುದಿಲ್ಲ.

ಹಸಿವನ್ನು ಹೇಳಿಕೊಂಡರೆ ಮರ್ಯಾದೆ ಹೋಗುವುದಿಲ್ಲ, ತಿಗಣೆಯನ್ನು ಹೇಳಿಕೊಂಡರೆ ಹೋಗುತ್ತದೆ ಎಂಬ ಒಂದು ಲೆಕ್ಕ ನಮ್ಮಲ್ಲಿತ್ತು. ಊರಿಗೆ ಬರೆಯುವ ಕಾಗದದಲ್ಲಿ "ನಾನು ಇಲ್ಲಿ ಕ್ಷೇಮ" ಎಂದು ಬರೆಯುತ್ತಿದ್ದ ಕೈ ಬರೆದು ಮುಗಿಸುವುದರೊಳಗೆ ನಾಲ್ಕು ಸಲ ಬೆನ್ನು ತುರಿಸಿಕೊಳ್ಳುತ್ತಿತ್ತು. ಊರಿನಲ್ಲಿ ಇದನ್ನು ಓದುತ್ತಿರುವ ನಿಮಗೆ ಈ ಹುಳದ ಚರಿತ್ರೆಯನ್ನು ಹೇಳಬೇಕು ಅಂತ ನನಗೆ ಅನ್ನಿಸಿದ್ದು ಆ ಕಾರಣಕ್ಕೆ. ಪರವೂರಿಗೆ ಹೊಸದಾಗಿ ಹೋದವನ ತಲೆಗೆ ಕಟ್ಟುವ ಅಪವಾದಗಳಲ್ಲಿ ಇದೂ ಒಂದು, ಮತ್ತು ಬಹುಪಾಲು ಸುಳ್ಳು.

ಹುಳ ಯಾವುದೆಂದು ಮೊದಲು ಗೊತ್ತಿರಲಿ. ಬೆಳೆದ ತಿಗಣೆ ಹೆಚ್ಚುಕಡಿಮೆ ಹುರುಳಿಕಾಳಿನ ಅಳತೆ, ಅದೇ ಕಂದು ಬಣ್ಣ, ಹೊಟ್ಟೆ ಖಾಲಿಯಿದ್ದಾಗ ಕಾಗದದಷ್ಟು ಚಪ್ಪಟೆ. ರಕ್ತ ಕುಡಿದ ಮೇಲೆ ಉದ್ದವಾಗಿ ಉಬ್ಬಿ ಕೆಂಪಾಗುತ್ತದೆ. ರೆಕ್ಕೆಯಿಲ್ಲ, ಹಾರಲಾರದು, ಚಿಗಟದ ಹಾಗೆ ನೆಗೆಯಲೂ ಆರದು, ನಡೆಯುತ್ತದೆ, ಅಷ್ಟೆ. ಮೊಟ್ಟೆ ಸಣ್ಣ ರವೆಯ ಕಾಳಿನಂತೆ ಬೆಳ್ಳಗೆ, ಬಿರುಕಿನಲ್ಲಿ ಅಂಟಿಕೊಂಡಿರುತ್ತದೆ. ಮರಿ ಐದು ಸಲ ಪೊರೆ ಕಳಚಿ ದೊಡ್ಡದಾಗುತ್ತದೆ, ಪ್ರತಿ ಸಲಕ್ಕೂ ಅದಕ್ಕೆ ಒಂದು ಊಟ ರಕ್ತ ಬೇಕು. ನಮ್ಮ ಸೆಕೆಯ ಊರುಗಳಲ್ಲಿ ಹೆಚ್ಚಾಗಿ ಇರುವುದು ಉಷ್ಣವಲಯದ ಜಾತಿ, ವಿಜ್ಞಾನಿಗಳ ಬಾಯಲ್ಲಿ ಸೈಮೆಕ್ಸ್ ಹೆಮಿಪ್ಟೆರಸ್. ಚಳಿ ದೇಶದ್ದು ಸೈಮೆಕ್ಸ್ ಲೆಕ್ಟುಲೇರಿಯಸ್, ಅದಕ್ಕೆ 1758ರಲ್ಲೇ ಲಿನೇಯಸ್ ನಾಮಕರಣ ಮಾಡಿದ್ದ. ಕನ್ನಡದಲ್ಲಿ ತಿಗಣೆ, ಧಾರವಾಡದ ಕಡೆಯವರ ಬಾಯಲ್ಲಿ ತಗಣಿ, ಸಂಸ್ಕೃತದಲ್ಲಿ ಮತ್ಕುಣ, ಮರಾಠಿಯಲ್ಲಿ ಢೇಕೂಣ, ಹಿಂದಿಯಲ್ಲಿ ಖಟ್ಮಲ್. ಮುಂಬಯಿಗೆ ಬಂದವನು ಮರಾಠಿಯಲ್ಲಿ ಮೊದಲು ಕಲಿಯುವ ಹತ್ತು ಶಬ್ದಗಳಲ್ಲಿ ಢೇಕೂಣ ಇತ್ತು ಅಂದರೆ ಉತ್ಪ್ರೇಕ್ಷೆಯಲ್ಲ.

ಈ ಹುಳಕ್ಕೆ ಬೇಕಾದದ್ದು ಮೂರೇ: ಮಲಗಿದ ಮನುಷ್ಯ, ಹತ್ತಿರದಲ್ಲೇ ಅಡಗಲು ಬಿರುಕು, ಅಷ್ಟಿಷ್ಟು ಸೆಕೆ. ಇವು ಮೂರನ್ನೂ ಒಂದೇ ಸೂರಿನಡಿ ಒದಗಿಸುವ ಕಟ್ಟಡವನ್ನು ಯಾರಾದರೂ ಬೇಕೆಂದೇ ಕಟ್ಟಿದ್ದರೆ ಅದು ಮುಂಬಯಿಯ ಚಾಳಿನ ಹಾಗೇ ಇರುತ್ತಿತ್ತು. ಗಿರಣಿಗಳು ಎದ್ದ ಕಾಲದಲ್ಲಿ ಕೂಲಿಗಳಿಗಾಗಿ ಕಟ್ಟಿದ ಸಾಲುಕೋಣೆಗಳು ಅವು. ಉದ್ದ ಮೊಗಸಾಲೆ, ಅದಕ್ಕೆ ಹೊಂದಿ ಒಂದರ ಪಕ್ಕ ಒಂದು ಖೋಲಿ, ಮೂಲೆಯಲ್ಲಿ ನೀರು ಚೆಲ್ಲಲು ಮೋರಿ, ಕೊನೆಯಲ್ಲಿ ಎಲ್ಲರಿಗೂ ಸೇರಿ ಪಾಯಿಖಾನೆ. 1911ರ ಜನಗಣತಿಯ ಹೊತ್ತಿಗೆ ನಗರದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಕೋಣೆಯ ಮನೆಗಳಲ್ಲಿದ್ದರು. 1920ರ ದಶಕದಲ್ಲಿ ಸರಕಾರವೇ ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವ್ಡಿಗಳಲ್ಲಿ ಬಿ.ಡಿ.ಡಿ. ಚಾಳುಗಳನ್ನು ಕಟ್ಟಿತು, ಇನ್ನೂರಕ್ಕೂ ಮಿಕ್ಕಿದ ಕಟ್ಟಡ, ಒಂದೊಂದು ಕೋಣೆ ಸುಮಾರು 160 ಚದರಡಿ. ಊರಿನ ಒಂದು ಅಡಿಗೆಮನೆಯಷ್ಟು ಜಾಗ ಅಂತ ಇಟ್ಟುಕೊಳ್ಳಿ.

ಅಷ್ಟರಲ್ಲಿ ಒಂದು ಸಂಸಾರವೇ ಇರುತ್ತಿತ್ತು ಎಂದೇನಲ್ಲ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟುಬಂದ ಗಂಡಸರು ಹತ್ತು ಹನ್ನೆರಡು ಜನ ಸೇರಿ ಖೋಲಿ ಹಿಡಿಯುವುದು ರೂಢಿ. ಅವರಲ್ಲಿ ಗಿರಣಿಯವರಿದ್ದರೆ ಪಾಳಿಯ ಪ್ರಕಾರ ನಿದ್ದೆ. ರಾತ್ರಿ ಪಾಳಿಯವನು ಬೆಳಿಗ್ಗೆ ಬಂದಾಗ ಹಗಲು ಪಾಳಿಯವನು ಎದ್ದು ಹೋಗಿರುತ್ತಿದ್ದ, ಇವನು ಅದೇ ಜಾಗದಲ್ಲಿ ಒರಗುತ್ತಿದ್ದ. ಹಾಸಿಗೆ ಆರುವುದೇ ಇಲ್ಲ. ತಿಗಣೆ ಸಾಮಾನ್ಯವಾಗಿ ನಡುರಾತ್ರಿ ದಾಟಿದ ಮೇಲೆ ಹೊರಬರುವ ಪ್ರಾಣಿ. ಇಲ್ಲಿ ಅದಕ್ಕೆ ಹಗಲೂ ಊಟ. ಹೋಟೆಲಿನ ಹುಡುಗರದು ಇನ್ನೊಂದು ಬಗೆ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜು ಜೋಡಿಸಿ ಅದರ ಮೇಲೆಯೇ ನಿದ್ದೆ. ಮರದ ಮೇಜು, ಬೆತ್ತದ ಕುರ್ಚಿ, ಸಂದುಗಳಿಗೆ ಬರವೇ? ಹಗಲು ಗಿರಾಕಿಗೂ ಪಾಲು ಹೋಗುತ್ತಿತ್ತು ಅಂತ ಹಳೆಯ ಮಾಣಿಗಳು ಈಗ ನಗುತ್ತಾ ಹೇಳುತ್ತಾರೆ.

ನಾನು 1974ರ ಮೇ ತಿಂಗಳಲ್ಲಿ ಲೋವರ್ ಪರೇಲಿನ ಒಂದು ಚಾಳಿಗೆ ಬಂದೆ. ಕೊಂಕಣ ರೈಲಿನ ಕನಸೂ ಇಲ್ಲದ ಕಾಲ, ಉಡುಪಿಯಿಂದ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬಂದವನು. ಕೈಯಲ್ಲಿ ಟ್ರಂಕು, ಕಂಕುಳಲ್ಲಿ ಚಾಪೆ-ಕಂಬಳಿ ಸುತ್ತಿದ ಸುರುಳಿ. ಕೋಣೆಯ ಹಿರಿಯರು ಬಾಗಿಲಲ್ಲೇ ತಡೆದರು. "ತಮ್ಮಾ, ಹಾಸಿಗೆ ಒಳಗೆ ತರ್ಬೇಡ. ಅಲ್ಲೇ ಬಿಚ್ಚು, ಕೊಡಕು." ಮೊಗಸಾಲೆಯಲ್ಲಿ ಹತ್ತು ಮನೆಯವರು ನೋಡುತ್ತಿರುವಾಗ ಅಮ್ಮ ಮಡಚಿಕೊಟ್ಟ ಕಂಬಳಿಯನ್ನು ಕೊಡಕಿದೆ. ಒಂದು ಇರುವೆಯೂ ಬೀಳಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಭುಜದ ಮೇಲೆ ಸಾಲಾಗಿ ಮೂರು ನಾಲ್ಕು ದದ್ದು ಎದ್ದಿದ್ದವು. ಅದನ್ನು ಕಂಡು ಅವರೇ, "ಊರಿಂದ ತಂದಿದ್ದಿ ಅಂತ ಕಾಣ್ತದೆ" ಅಂದರು. ಅವರ ಮೈಯಲ್ಲಿ ದದ್ದು ಇರಲಿಲ್ಲ. ವರ್ಷಗಟ್ಟಲೆ ಕಚ್ಚಿಸಿಕೊಂಡವರಲ್ಲಿ ಕೆಲವರಿಗೆ ದದ್ದು ಏಳುವುದಿಲ್ಲ, ಕೆಲವರಿಗೆ ಮೊದಲಿಂದಲೇ ಏಳುವುದಿಲ್ಲ, ಹೊಸಬನ ಮೈ ಮಾತ್ರ ಸಾಕ್ಷಿ ಹೇಳಿಬಿಡುತ್ತದೆ ಎಂಬುದನ್ನು ನಾನು ಎಷ್ಟೋ ಕಾಲದ ನಂತರ ಓದಿ ತಿಳಿದುಕೊಂಡೆ.

ಆ ವರ್ಷ ದೀಪಾವಳಿಗೆ ಸುಣ್ಣ ಹೊಡೆಯಲೆಂದು ಗೋಡೆಯ ದೇವರ ಪಟ, ಕ್ಯಾಲೆಂಡರು ಎಲ್ಲ ಇಳಿಸಿದೆವು. ಪಟದ ಹಿಂದೆ ಗಾರೆ ಬಿರಿದ ಕಡೆ ಕರಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು. ತಿಗಣೆ ಜೀರ್ಣಿಸಿ ಬಿಟ್ಟ ರಕ್ತದ ಕಲೆ ಅದು. ಜೊತೆಗೆ ಕಳಚಿದ ಪೊರೆಗಳ ಒಂದು ಚಿಟಿಕೆ, ಹೊಟ್ಟಿನಂತೆ ಹಗುರ. ಕೆರೆಯುತ್ತ ಹೋದಂತೆ ಹಳೆಯ ಸುಣ್ಣದ ಪದರ ಸಿಪ್ಪೆಯಾಗಿ ಎದ್ದಿತು, ಅದರಡಿಯಲ್ಲೂ ಅದೇ ಕಪ್ಪು ಚುಕ್ಕೆ. ಅದರಡಿಯ ನೀಲಿ ಪದರದಲ್ಲೂ ಚುಕ್ಕೆ. ನಾನು ಹುಟ್ಟುವ ಮೊದಲೇ ಈ ಸಂಸಾರ ಇಲ್ಲಿ ಬಿಡಾರ ಹೂಡಿತ್ತು ಎನ್ನುವುದಕ್ಕೆ ಇದಕ್ಕಿಂತ ಶಾಸನ ಬೇಕೇ? ಹಿರಿಯರು ಸುಣ್ಣದ ಡಬ್ಬ ಹಿಡಿದು ಸುಮ್ಮನೆ ನಿಂತರು. ಆಮೇಲೂ ಹೊಸ ಹುಡುಗ ಬಂದರೆ ಹಾಸಿಗೆ ಬಿಚ್ಚಿಸುವುದನ್ನು ಅವರೇನೂ ಬಿಡಲಿಲ್ಲ ಅನ್ನಿ.

ಪಂಚತಂತ್ರದಲ್ಲಿ ಒಂದು ಕತೆಯಿದೆ. ರಾಜನ ಹಾಸಿಗೆಯಲ್ಲಿ ಮಂದವಿಸರ್ಪಿಣಿ ಎಂಬ ಹೇನು ಸುಖವಾಗಿರುತ್ತದೆ, ಅಗ್ನಿಮುಖ ಎಂಬ ತಿಗಣೆ ಅತಿಥಿಯಾಗಿ ಬಂದು ಅವಸರಪಟ್ಟು ಕಚ್ಚಿ ಬಿರುಕು ಸೇರಿಕೊಳ್ಳುತ್ತದೆ, ಸಿಕ್ಕಿಬಿದ್ದು ಸಾಯುವುದು ಹೇನು. ಬಂದವನಿಂದ ಇದ್ದವನಿಗೆ ಕೇಡು ಎಂದು ಕತೆ. ಚಾಳಿನಲ್ಲಿ ನಾನು ಕಂಡದ್ದು ತಿರುವುಮುರುವು. ಇದ್ದದ್ದು ಬಿರುಕಿನಲ್ಲಿ, ಬಡಿಸಿಕೊಂಡದ್ದು ಬಂದವನು. ತಿಗಣೆ ಸಾಮಾನಿನ ಜೊತೆ ಪ್ರಯಾಣ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಟ್ರಂಕು, ಹಾಸಿಗೆ, ರೈಲಿನ ಸೀಟು, ಸಿನಿಮಾ ಟಾಕೀಸಿನ ಕುರ್ಚಿ, ಎಲ್ಲ ಅದರ ವಾಹನಗಳೇ. ಆದರೆ ಬಂದ ತಿಗಣೆ ನೆಲೆ ನಿಲ್ಲುವುದು ಬಿರುಕಿದ್ದಲ್ಲಿ. ಚಾಳಿನಿಂದ ಊರಿಗೆ ರಜೆಗೆ ಹೋಗುವ ಸುರುಳಿಯನ್ನು ಯಾರೂ ಬಿಚ್ಚಿಸಿ ನೋಡುತ್ತಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ಅಪವಾದದ ಚರಿತ್ರೆ ಇನ್ನೂ ಹಿಂದಕ್ಕೆ ಹೋಗುತ್ತದೆ. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಅಧಿಕಾರಿಗಳು ಬಡವರ ಕೋಣೆಗಳಿಗೆ ನುಗ್ಗಿ ಹಾಸಿಗೆ ಬಟ್ಟೆ ಸುಟ್ಟರು, ಗೋಡೆಗೆ ಸುಣ್ಣ ಬಳಿದರು. ಪ್ಲೇಗು ಹೇಗೆ ಹರಡುತ್ತದೆ ಎಂಬುದು ಆಗ ಗೊತ್ತಿರಲಿಲ್ಲ, ಮನೆಯೊಳಗಿನ ಹುಳುಗಳ ಮೇಲೂ ಸಂಶಯವಿತ್ತು. 1898ರಲ್ಲಿ ಕರಾಚಿಯಲ್ಲಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಇಲಿಯ ಚಿಗಟವನ್ನು ಹಿಡಿದು ತೋರಿಸಿದ. ಮುಂದೆ ಪರೇಲಿನ ಪ್ರಯೋಗಾಲಯದಲ್ಲಿ ನಡೆದ ಸಂಶೋಧನೆ ಅದನ್ನೇ ಖಚಿತಪಡಿಸಿತು. ತಿಗಣೆಯ ಮೇಲೆ ಎರಡನೇ ಮೊಕದ್ದಮೆ ನಡೆದದ್ದು ಮದರಾಸಿನಲ್ಲಿ. 1907ರ ಹೊತ್ತಿಗೆ ಪ್ಯಾಟನ್ ಎಂಬವರು ಕಾಲಾ-ಅಜಾರ್ ರೋಗದ ಪರೋಪಜೀವಿ ತಿಗಣೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ಕಂಡು ಇದೇ ಅಪರಾಧಿ ಎಂದು ವಾದಿಸಿದರು. ಆ ವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಸೇರಿ ರೋಗ ಹರಡುವುದು ಮರಳುನೊಣ ಎಂದು ಸಿದ್ಧಪಡಿಸಿದರು. ಇಂದಿಗೂ ತಿಗಣೆ ಸಹಜ ಸ್ಥಿತಿಯಲ್ಲಿ ಮನುಷ್ಯನಿಗೆ ಯಾವ ರೋಗವನ್ನೂ ಹರಡಿಸುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ತುರಿಕೆ, ಕೆರೆದು ಗಾಯ, ನಿದ್ದೆಗೇಡು, ಮಕ್ಕಳಿಗೆ ಬಹಳವಾದರೆ ರಕ್ತಹೀನತೆ, ಇಷ್ಟು ಅದರ ಲೆಕ್ಕದಲ್ಲಿದೆ. ಕೋರ್ಟು ಎರಡು ಸಲ ಬಿಟ್ಟರೂ ಊರು ಬಿಡಲಿಲ್ಲ. ರೋಗ ತರದ ಹುಳಕ್ಕೆ ಆರೋಗ್ಯ ಇಲಾಖೆಯ ದುಡ್ಡೂ ಇಲ್ಲ, ಕಾರ್ಯಕ್ರಮವೂ ಇಲ್ಲ. ಅದನ್ನು ಅವರವರ ಮನೆಯ ಕೊಳಕು ಅಂತ ಅವರವರಿಗೇ ಬಿಟ್ಟರು.

ಹೀಗೆ ಬಿಟ್ಟದ್ದನ್ನು ಒಮ್ಮೆ ಮಲೇರಿಯಾದ ಔಷಧ ತಾನಾಗಿ ಕೈಗೆತ್ತಿಕೊಂಡಿತು, ಅದೂ ನಮ್ಮ ನಾಡಿನಲ್ಲಿಯೇ. ಡಿ.ಡಿ.ಟಿ. ಹುಳ ಕೊಲ್ಲುತ್ತದೆ ಎಂದು ಪಾಲ್ ಮುಲ್ಲರ್ ಕಂಡುಕೊಂಡದ್ದು 1939ರಲ್ಲಿ, ಅದಕ್ಕೆ ನೊಬೆಲ್ ಬಂದದ್ದು 1948ರಲ್ಲಿ. ಅದರ ಮೊದಲೇ, 1946ರಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರವಾರದ ಕಡೆಯ ಕನ್ನಡ ಜಿಲ್ಲೆಯಲ್ಲೂ ಧಾರವಾಡ ಜಿಲ್ಲೆಯಲ್ಲೂ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಹಳ್ಳಿಹಳ್ಳಿಯ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದರು. ಅಲ್ಲಿನ ಯಶಸ್ಸು 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಹಾದಿ ಮಾಡಿಕೊಟ್ಟಿತು. ಸಿಂಪಡಿಸಿದ್ದು ಸೊಳ್ಳೆಗೆ, ಜನಕ್ಕೆ ಕಣ್ಣಿಗೆ ಕಂಡದ್ದು ಮಾತ್ರ ಸತ್ತ ತಿಗಣೆ. ದೇಶದ ಎಷ್ಟೋ ಕಡೆ ಜನ ಸಿಂಪಡಿಸುವವರನ್ನು ಮನೆಯೊಳಗೆ ಕರೆದದ್ದು ಮಲೇರಿಯಾದ ಭಯಕ್ಕಿಂತ ಹೆಚ್ಚಾಗಿ ತಿಗಣೆಯ ದೆಸೆಯಿಂದ.

ಆ ಸಂತೋಷ ಬಹಳ ಕಾಲ ನಿಲ್ಲಲಿಲ್ಲ. 1947ರಲ್ಲೇ ಹವಾಯಿಯ ಪರ್ಲ್ ಹಾರ್ಬರಿನ ಸೈನಿಕರ ವಸತಿಯಲ್ಲಿ ಡಿ.ಡಿ.ಟಿ.ಗೆ ಜಗ್ಗದ ತಿಗಣೆ ಸಿಕ್ಕಿತ್ತು, ಮುಂದೆ ನಮ್ಮ ದೇಶದಲ್ಲೂ ಹಾಗೆಯೇ ಆಯಿತು. ಅಳಿದುಳಿದ ಗಟ್ಟಿ ತಿಗಣೆಗಳ ಸಂತಾನವೇ ಹಬ್ಬಿತು. ಔಷಧ ಹೊಡೆದ ಮೇಲೆ ತಿಗಣೆ ಹೆಚ್ಚಾಯಿತು ಎಂದು ಜನ ಗೊಣಗಿದರು, ಮತ್ತೆ ಬಂದ ಸಿಂಪಡಣೆಯವರಿಗೆ ಬಾಗಿಲು ಹಾಕಿದರು. ಸೊಳ್ಳೆಯ ಕೆಲಸಕ್ಕೆ ತಿಗಣೆ ಅಡ್ಡಬಂತು.

ಮುಂಬಯಿಯಲ್ಲಿ ಅಷ್ಟೊತ್ತಿಗೆ ಇನ್ನೊಂದು ಸಂಗತಿ ನಡೆದಿತ್ತು, ಅದನ್ನು ಹುಳದ ಚರಿತ್ರೆಯಲ್ಲಿ ಯಾರೂ ಸೇರಿಸುವುದಿಲ್ಲ. 1947ರ ಬಾಡಿಗೆ ಕಾಯ್ದೆ. 1940ರ ಸೆಪ್ಟೆಂಬರ್ ಒಂದರಂದು ಇದ್ದ ಬಾಡಿಗೆಯನ್ನೇ ಪ್ರಮಾಣವಾಗಿ ಕಟ್ಟಿಹಾಕಿದ ಕಾಯ್ದೆ ಅದು. ಬಡವರಿಗೆ ನೆಲೆ ಉಳಿಸಿಕೊಟ್ಟ ಕಾಯ್ದೆ. ಅದಿಲ್ಲದಿದ್ದರೆ ನಮ್ಮಂಥವರು ಪರೇಲಿನಲ್ಲಿ ಉಳಿಯುವ ಮಾತೇ ಇರಲಿಲ್ಲ. ಆದರೆ ತಿಂಗಳಿಗೆ ಹತ್ತೋ ಹನ್ನೆರಡೋ ರೂಪಾಯಿ ಬರುವ ಕೋಣೆಗೆ ಮಾಲಕ ಗಾರೆ ಹಾಕಿಸುವನೇ? ಬಿರಿದ ಗೋಡೆ ಬಿರಿದೇ ಇತ್ತು, ಕೊಳೆತ ತೊಲೆ ಕೊಳೆತೇ ಇತ್ತು. ಕಟ್ಟಡಗಳು ಕುಸಿಯತೊಡಗಿದಾಗ 1969ರಲ್ಲಿ ಸರಕಾರ ರಿಪೇರಿಗೆಂದೇ ಒಂದು ಮಂಡಳಿ ಮಾಡಿತು. ಬೀಳುವ ಕಟ್ಟಡಕ್ಕೆ ಊರೆಗೋಲು ಕೊಡುವುದೇ ಅದಕ್ಕೆ ಸಾಕುಬೇಕಾಗುವಾಗ ತಿಗಣೆಯ ಬಿರುಕು ಮುಚ್ಚುವವರು ಯಾರು? ನಮ್ಮ ಕೋಣೆಯ ಗೋಡೆಯಲ್ಲಿ ಒಂದರ ಮೇಲೊಂದು ಸುಣ್ಣವಿತ್ತು, ಗಾರೆ ಮಾತ್ರ ಒಂದೇ.

ಬಾಡಿಗೆದಾರ ತನ್ನ ಕೈಲಾದದ್ದು ಮಾಡಿದ. ಭಾನುವಾರ ಮಂಚವನ್ನು ಮೊಗಸಾಲೆಗೆ ತಂದು ನೆಲಕ್ಕೆ ಬಡಿಯುವುದು, ಉದುರಿದ್ದನ್ನು ಚಪ್ಪಲಿಯಲ್ಲಿ ಒರೆಸುವುದು, ಸಂದಿಗೆ ಕುದಿನೀರು ಹೊಯ್ಯುವುದು, ಸೀಮೆಎಣ್ಣೆಯಲ್ಲಿ ಅದ್ದಿದ ಕೋಳಿಗರಿ ತೂರಿಸುವುದು, ಮಂಚದ ಕಾಲಿನಡಿ ನೀರಿನ ಡಬ್ಬ ಇಡುವುದು. ಇದರಲ್ಲಿ ಕುದಿನೀರು ನಿಜಕ್ಕೂ ಒಳ್ಳೆಯ ಉಪಾಯ, ಮೊಟ್ಟೆಯನ್ನೂ ಕೊಲ್ಲುತ್ತದೆ. ನೀರಿನ ಡಬ್ಬ ಮಂಚವಿದ್ದವನಿಗೆ, ಅದೂ ಮಂಚ ಗೋಡೆಗೆ ತಾಗದೆ, ಹೊದಿಕೆ ನೆಲಕ್ಕೆ ಇಳಿಬೀಳದೆ ಇದ್ದರೆ. ಹತ್ತು ಜನ ನೆಲದಲ್ಲಿ ಮಲಗುವಲ್ಲಿ ಯಾವ ಕಾಲಿಗೆ ಡಬ್ಬ ಇಡುವುದು? ಬಿಸಿಲಿಗೆ ಹಾಸಿಗೆ ಹಾಕುವುದು ಮನಸ್ಸಿಗೆ ಸಮಾಧಾನ. ಹತ್ತಿಯ ಗಾದಿಯ ಹೊಟ್ಟೆಯೊಳಗೆ ಹುಳ ಸಾಯುವಷ್ಟು ಕಾವು ಇಳಿಯುವುದಿಲ್ಲ.

ಆಮೇಲೆ ಬಂತು ಟಿಕ್-ಟ್ವೆಂಟಿ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಮುಂಬಯಿಯಲ್ಲಿದ್ದವರಿಗೆ ಆ ಹೆಸರು ಹೇಳಿದರೆ ಸಾಕು, ವಾಸನೆಯೇ ಮೂಗಿಗೆ ಬರುತ್ತದೆ. ನರಮಂಡಲಕ್ಕೆ ಬಡಿಯುವ ಜಾತಿಯ ವಿಷ ಅದು. ಅಡಿಗೆ, ಊಟ, ನಿದ್ದೆ ಮೂರೂ ನಡೆಯುವ 160 ಚದರಡಿಯಲ್ಲಿ, ಒಂದೇ ಕಿಟಕಿಯ ಕೋಣೆಯಲ್ಲಿ, ಅದನ್ನು ಪಂಪಿಗೆ ತುಂಬಿ ಹೊಡೆಯುತ್ತಿದ್ದರು. ತಿಗಣೆಗೆ ತಂದದ್ದನ್ನು ಮನುಷ್ಯರು ಕುಡಿದ ಸುದ್ದಿ ಪತ್ರಿಕೆಯಲ್ಲಿ ಬಾರದ ತಿಂಗಳಿರಲಿಲ್ಲವೇನೋ ಎಂಬಂತಿತ್ತು. ಮತ್ತೆ, ಒಂದು ಕೋಣೆಯವರು ಹೊಡೆದರೆ ತಿಗಣೆ ಗೋಡೆಯ ಬಿರುಕಿನಲ್ಲೇ ಪಕ್ಕದ ಕೋಣೆಗೆ ಹೋಗಿ ತಿಂಗಳು ಬಿಟ್ಟು ಹಿಂದಿರುಗುತ್ತಿತ್ತು. ಮಹಡಿಯವರೆಲ್ಲ ಒಂದೇ ದಿನ ಹೊಡೆಯಬೇಕಿತ್ತು. ಅದಕ್ಕೆ ಮೊದಲು "ನಮ್ಮಲ್ಲಿ ಇದೆ" ಅಂತ ಹತ್ತು ಬಾಗಿಲೂ ಒಪ್ಪಬೇಕು. ಯಾರು ಒಪ್ಪುತ್ತಾರೆ? ಮಗಳಿಗೆ ಗಂಡು ನೋಡುವ ಮನೆ, ಮದ್ರಾಸಿ ಅನ್ನಿಸಿಕೊಂಡು ಮೊದಲೇ ಕುಗ್ಗಿದ ಮನೆ, ಎಲ್ಲರದೂ ಮುಚ್ಚಿದ ಬಾಯಿ. ತಿಗಣೆಗೆ ಗೋಡೆಯ ಬಿರುಕಿನಷ್ಟೇ ಈ ಮೌನವೂ ಅನುಕೂಲವಾಗಿತ್ತು.

ಅದು ಸಂಪೂರ್ಣ ಹೋಯಿತು ಅಂತ ನಾವು ಅಂದುಕೊಂಡ ಒಂದು ಕಾಲ ಇತ್ತು. ಗಿರಣಿಗಳು 1982ರ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿದವು, ಪಾಳಿಯ ಹಾಸಿಗೆ ಹೋಯಿತು, ನಾವೆಲ್ಲ ಡೊಂಬಿವಲಿ, ವಸಾಯಿ, ಮೀರಾ ರೋಡ್ ಅಂತ ಹೊಸ ಗೋಡೆಗಳಿಗೆ ದಾಟಿದೆವು. 1990ರ ದಶಕದ ಕೊನೆಯಿಂದ ಜಗತ್ತಿನ ದೊಡ್ಡ ದೊಡ್ಡ ನಗರಗಳಲ್ಲೇ ತಿಗಣೆ ಮರಳಿ ಬಂತು, ಈ ಸಲ ಪೈರೆಥ್ರಾಯ್ಡ್ ಎಂಬ ಹೊಸ ಔಷಧಿಗಳಿಗೂ ಬಗ್ಗದೆ. 2023ರಲ್ಲಿ ಪ್ಯಾರಿಸ್ಸಿನವರು ಗಾಬರಿಬಿದ್ದಾಗ ನಮ್ಮ ಚಾಳಿನ ಹಳಬರು ಫೋನು ಮಾಡಿ ನಕ್ಕರು. ಐಫೆಲ್ ಗೋಪುರದ ಊರಿನವರು ಕೂಡ ಮೈ ಕೆರೆದುಕೊಳ್ಳುತ್ತಿದ್ದಾರೆಂದರೆ ನಮಗೆ ಅರ್ಧ ಮರ್ಯಾದೆ ಹಿಂದೆ ಬಂದ ಹಾಗೆ.

ಈಗ ಊರಿನ ಮಕ್ಕಳು ಚಾಳಿಗೆ ಬರುವುದಿಲ್ಲ, ಪುಣೆ-ಹೈದರಾಬಾದಿನ ಪಿ.ಜಿ.ಗಳಿಗೆ ಹೋಗುತ್ತಾರೆ. ಅಲ್ಲಿಯೂ ಒಂದು ಕೋಣೆಗೆ ನಾಲ್ಕು ಮಂಚ, ರಾತ್ರಿ ಪಾಳಿಯ ಕೆಲಸ, ಹಗಲು ನಿದ್ದೆ. ಅವರಿಗೆ ಹೇಳಲಿಕ್ಕೆ ನನ್ನಲ್ಲಿ ಇರುವುದು ಇಷ್ಟು. ದದ್ದನ್ನು ನೋಡಿ ತೀರ್ಮಾನ ಮಾಡಬೇಡಿ, ಸೊಳ್ಳೆಯದೂ ಹಾಗೇ ಇರುತ್ತದೆ. ಟಾರ್ಚು ಹಿಡಿದು ಗಾದಿಯ ಹೊಲಿಗೆಯಂಚು, ಮಂಚದ ಸ್ಕ್ರೂ ತೂತು, ತಲೆದೆಸೆಯ ಹಲಗೆಯ ಹಿಂಬದಿ, ಸ್ವಿಚ್ ಬೋರ್ಡು, ಪರದೆಯ ಮಡಿಕೆ ನೋಡಿ. ಕರಿ ಚುಕ್ಕೆ, ಪೊರೆ, ಜೀವಂತ ಹುಳ, ಒಂದಾದರೂ ಸಿಗಬೇಕು. ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಕೊಂಡೊಯ್ದು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಸಿ. ಗಾದಿಯನ್ನು ಎಳೆದುಕೊಂಡು ಮೆಟ್ಟಿಲಿಳಿಯಬೇಡಿ, ದಾರಿಯುದ್ದಕ್ಕೂ ಬಿತ್ತಿದ ಹಾಗೆ. ಬಿರುಕಿಗೆ ಪುಟ್ಟಿ ತುಂಬಿಸಿ. ಔಷಧ ತಿಳಿದವರಿಂದಲೇ ಹೊಡೆಸಿ, ಅಕ್ಕಪಕ್ಕದ ಕೋಣೆಗೂ ಸೇರಿಸಿ. ಮೊಟ್ಟೆ ಒಡೆಯಲು ಆರರಿಂದ ಹತ್ತು ದಿನ ಬೇಕಾದ್ದರಿಂದ ಎರಡು ವಾರ ಬಿಟ್ಟು ಎರಡನೇ ಸಲ ಮಾಡಿಸಲೇಬೇಕು. ಧಾನ್ಯದ ಗೋದಾಮಿಗೆ ಇಡುವ ಮಾತ್ರೆಯನ್ನು ಯಾರಾದರೂ ಅಗ್ಗಕ್ಕೆ ತಂದುಕೊಟ್ಟರೆ ಮುಟ್ಟಬೇಡಿ. ಅದರ ಗಾಳಿ ಪಕ್ಕದ ಕೋಣೆಗೂ ನುಗ್ಗುತ್ತದೆ, ತಿಗಣೆಗೆಂದು ಇಟ್ಟು ಮಲಗಿದ್ದ ಮನುಷ್ಯರು ಸತ್ತ ಪ್ರಕರಣಗಳು ನಮ್ಮ ದೇಶದಲ್ಲಿ ಆಗಿವೆ.

ಕಳೆದ ವರ್ಷ ನನ್ನ ತಂಗಿಯ ಮೊಮ್ಮಗ ಪುಣೆಯಿಂದ ಫೋನು ಮಾಡಿದ್ದ. ಕೆಲಸಕ್ಕೆ ಸೇರಿ ಹದಿನೈದು ದಿನವೂ ಆಗಿರಲಿಲ್ಲ. "ಅಜ್ಜಾ, ಮೈ ತುಂಬಾ ಗುಳ್ಳೆ. ಓನರ್ ಕೇಳ್ತಾನೆ, ಇದು ನಿನ್ನ ಬ್ಯಾಗಲ್ಲಿ ಬಂತಾ ಅಂತ." ಧ್ವನಿ ಬಹಳ ಸಣ್ಣದಾಗಿತ್ತು. ಅಮ್ಮನಿಗೆ ಹೇಳಬೇಡಿ ಅಂತಲೂ ಅಂದ. ಮಂಚದ ತಲೆದೆಸೆಯ ಪ್ಲೈವುಡ್ ಬಿಚ್ಚಿ ನೋಡು, ಪೊರೆ ಎಷ್ಟಿದೆ ಅಂತ ಫೋಟೋ ತೆಗೆದು ಕಳಿಸು ಅಂದೆ. ಅರ್ಧ ಗಂಟೆಯಲ್ಲಿ ಫೋಟೋ ಬಂತು. ಒಂದು ಹಿಡಿ ಪೊರೆ, ಹೊಟ್ಟಿನ ಹಾಗೆ. ಹದಿನೈದು ದಿನದಲ್ಲಿ ಅಷ್ಟಾಗುವ ಮಾತೇ ಇಲ್ಲ. ಅದನ್ನು ಓನರಿಗೂ, ಉಳಿದ ಮೂರು ಕೋಣೆಯ ಹುಡುಗರಿಗೂ ಕಳಿಸು ಅಂದೆ. ಸಂಜೆಯೊಳಗೆ ಆ ಮೂರೂ ಕೋಣೆಯಿಂದ ಅಂಥದೇ ಫೋಟೋ ಬಂದವಂತೆ. ಒಬ್ಬ ಒರಿಸ್ಸಾದ ಹುಡುಗ ಎಂಟು ತಿಂಗಳಿಂದ ಯಾರಿಗೂ ಹೇಳದೆ ದೀಪ ಹಾಕಿಕೊಂಡೇ ಮಲಗುತ್ತಿದ್ದನಂತೆ.